ಗಿರಿಯ ಸೀಮೆಯ ಕೆರೆಕೊಳಗಳು

ಕಳೆದ ತಿಂಗಳು ಬಯಲುಸೀಮೆಯ ವಾಚಕರೊಬ್ಬರು ನಮಗೆ ಒಂದು ಕಾಗದವನ್ನು ಬರೆದಿದ್ದರು. ಅವರ ಮಗನು ಶಾಲೆಯಲ್ಲಿ ಭೂಗೋಳವನ್ನು ಓದುತ್ತಿರುವನಂತೆ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯು ಆರಿಹೋದ ಅಗ್ನಿಪರ್ವತವೆಂದೂ, ಅಲ್ಲಿಯ ಕೆರೆಗಳೆಲ್ಲ ಆ ಪರ್ವತದ ಬಾಯಲ್ಲಿ ನಿಂತ ನೀರೆಂದೂ ಯಾರೋ ಹುಡುಗನಿಗೆ ಹೇಳಿದರಂತೆ. ಅಂದಿನಿಂದ ಅವನು ಅಗ್ನಿಪರ್ವತದ ಕೆರೆಯನ್ನು ನೋಡಲೇಬೇಕೆಂದು ಹಟ ಹಿಡಿದಿರುವನು. ಇದು ನಿಜವೇ, ನಿಜವಾದರೆ ಸಂಸಾರಸಮೇತ ಬಂದು ನೋಡತಕ್ಕ ಸ್ಥಳಗಳು ಯಾವುವು, ಎಂಬುದು ಅವರ ಪ್ರಶ್ನೆ. ನಾವು ಪುಷ್ಯಮಾಸದಲ್ಲಿ ಬಣಕಲ್ಲಿಗೆ ಹೋಗಿ ಬಂದವರಾದ್ದರಿಂದ, ಪ್ರಶ್ನೆಯು ಸಮಯಕ್ಕೆ ಸರಿಯಾಗಿಯೇ ಬಂದಿತು.

ಹುಡುಗನಿಗೆ ಹೇಳಿದವರ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ನಿಜವಾದ ಅರ್ಧವು ಅವರು ತಿಳಿದುಕೊಂಡುದಕ್ಕಿಂತಲೂ ಆಶ್ಚರ್ಯಕರವಾದುದು; ಆದಕಾರಣ ಅದನ್ನೇ ಮೊದಲು ಹೇಳುತ್ತೇವೆ.

ಬಾಬಾಬುಡನ್ ಶ್ರೇಣಿಯ ಬಹುಭಾಗವು ಕರಗಿ ಹರಿದ ಕಲ್ಲಿನಿಂದಲೇ ಆದುದು. ಭೂಗರ್ಭಶಾಸ್ತ್ರಜ್ಞರು ಅದರ ವಯಸ್ಸನ್ನು ಸುಮಾರು 270ರಿಂದ 290 ಕೋಟಿ ವರ್ಷಗಳೆಂದು ಗಣಿಸಿರುವರು. ಭೂಮಿಯ ಮೇಲೆ ಗಿಡವಿಲ್ಲ, ಹುಲ್ಲಿಲ್ಲ, ಮೀನು ಸಹ ಇಲ್ಲದ ಕಾಲ ಅದು. ಆಗ ನೆಲದ ಬಿರುಕುಗಳಿಂದ ಉಕ್ಕಿದ ಶಿಲಾದ್ರವವು ಒಂದರ ಮೇಲೊಂದು ಪದರವಾಗಿ ಹರಿದು ಹೆಪ್ಪುಗಟ್ಟಿತು. ಗಿರಿಯ ರಸ್ತೆಯ ಬದಿಯ ಕಪ್ಪು ಹಸುರು ಬಣ್ಣದ ಕಲ್ಲುಗಳನ್ನು ಕುಳಿತು ನೋಡಿದರೆ, ಕೆಲವುಗಳ ಮೈಯಲ್ಲಿ ಬಾದಾಮಿಯ ಬೀಜಗಳನ್ನು ಹುದುಗಿಸಿಟ್ಟಂತೆ ಬಿಳಿಯ ಚುಕ್ಕೆಗಳು ಕಾಣುವುವು. ಬಿಸಿಯ ಕಲ್ಲಿನೊಳಗಣ ಅನಿಲವು ಗುಳ್ಳೆಯಾಗಿ ನಿಂತು, ಆ ಗುಳ್ಳೆಯ ಬರಿದಾದ ಜಾಗದಲ್ಲಿ ತರುವಾಯ ಬೆಣಚುಕಲ್ಲು ಮೊದಲಾದುವು ತುಂಬಿಕೊಂಡ ಗುರುತು ಅದು. ದೋಸೆಯ ಹೆಂಚಿನ ಮೇಲೆ ಹಿಟ್ಟು ಗುಳ್ಳೆಗಟ್ಟುವುದನ್ನು ನಿತ್ಯವೂ ನೋಡುವ ಗೃಹಿಣಿಯರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾದುದಿಲ್ಲ.

ಅದಕ್ಕಿಂತಲೂ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಬೆಂಕಿಯ ಈ ಪದರಗಳ ನಡುನಡುವೆ ನೀರು ತಂದು ಹಾಸಿದ ಮರಳಿನ ಪದರಗಳಿವೆ. ಅವು ಈಗ ಗಟ್ಟಿ ಕಲ್ಲಾಗಿದ್ದರೂ, ಅಂದಿನ ತೆಳುನೀರಿನ ಅಲೆಗಳು ಮರಳಿನ ಮೇಲೆ ಬರೆದ ಗೆರೆಗಳು ಕೆಲವೆಡೆ ಹಾಗೆಯೇ ಉಳಿದಿವೆ. ಎಲ್ಲಕ್ಕೂ ಮೇಲಣ ಪದರವಾದ ಕಬ್ಬಿಣದ ಪಟ್ಟೆಕಲ್ಲು ನೀರಿನ ಅಡಿಯಲ್ಲಿ ಕೂಡಿದುದು. ಕೆಮ್ಮಣ್ಣುಗುಂಡಿಯಿಂದ ಅಗೆದು, 1923ರಲ್ಲಿ ಆರಂಭವಾದ ಭದ್ರಾವತಿಯ ಕಾರ್ಖಾನೆಗೆ ಒಯ್ದ ಅದಿರೂ ಅದೇ ವಂಶದ್ದು. ಎಂದ ಮೇಲೆ, ಸುಮಾರು 1,930 ಮೀಟರು ಎತ್ತರವಿದ್ದು ಕರ್ಣಾಟಕಕ್ಕೆಲ್ಲ ಅತ್ಯುನ್ನತವಾದ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನಿಂತವನು ಒಂದು ಪುರಾತನ ಜಲಾಶಯದ ತಳದ ಮೇಲೆ ನಿಂತಿರುವನು! ಹುಡುಗನಿಗೆ ಇದನ್ನು ಹೇಳಿ ನೋಡಲಿ. ಹಟವು ಇಮ್ಮಡಿಯಾದರೆ ನಮ್ಮನ್ನು ದೂರಬಾರದು.

ಇನ್ನು ಸುಳ್ಳಾದ ಅರ್ಧ. ಶ್ರೇಣಿಯು ಕುದುರೆಯ ಲಾಳದಂತೆ ಬಾಗಿರುವುದನ್ನು ಕಂಡು ಅದನ್ನು ಅಗ್ನಿಪರ್ವತದ ಬಾಯಿ ಎಂದು ಜನರು ಭಾವಿಸುವರು. ಬಿದಿಗೆಯ ಚಂದ್ರನಂತೆ ಬಾಗಿದುದರಿಂದಲೇ ಚಂದ್ರದ್ರೋಣ ಪರ್ವತವೆಂಬ ಹೆಸರು ಅದಕ್ಕೆ ಬಂದಿತು. ಆದರೆ ಆ ಬಾಗು ಬೆಂಕಿಯು ಮಾಡಿದುದಲ್ಲ. ಪದರಗಳು ಭೂಮಿಯ ಒತ್ತಡಕ್ಕೆ ತೊಟ್ಟಿಲಿನಂತೆ ಬಾಗಿ ಮಡಚಿಕೊಂಡುವು. ಬಳಿಕ ಮಳೆಯೂ ಹೊಳೆಯೂ ಮೆದುವಾದುದನ್ನು ಕೊರೆದೊಯ್ದು ಗಟ್ಟಿಯಾದುದನ್ನು ಅಂಚಾಗಿ ಉಳಿಸಿದುವು. ಲಾಳದ ಒಳಗಣ ಜಾಗರ ಕಣಿವೆಯ ನೀರನ್ನು ಸೋಮವಾಹಿನಿಯು ಕೂಡಿಸಿಕೊಂಡು ಭದ್ರೆಗೆ ಒಯ್ದು ಸುರಿಯುತ್ತದೆ. ಅಂಚು ಮುರಿದ ಬಟ್ಟಲಿನಲ್ಲಿ ನೀರು ನಿಲ್ಲುವುದುಂಟೆ?

ಅಗ್ನಿಪರ್ವತದ ಕೆರೆಗಳನ್ನೇ ನೋಡಬೇಕಾದರೆ ಜರ್ಮನಿಯ ಐಫೆಲ್ ಸೀಮೆಗೆ ಹೋಗಬೇಕು. ಅಲ್ಲಿ ಕಾದ ಶಿಲಾದ್ರವವು ನೆಲದೊಳಗಣ ನೀರನ್ನು ಸೋಕಿ, ಹಬೆಯಾಗಿ ಸಿಡಿದು, ನೆಲದಲ್ಲಿ ದುಂಡಾದ ಗುಂಡಿಗಳನ್ನು ತೋಡಿತು. ಅವುಗಳಲ್ಲಿ ನೀರು ತುಂಬಿ ಕೊಳಗಳಾಗಿವೆ. ಪುಲ್ವರ್‌ಮಾರ್ ಎಂಬುದರ ಆಳವು 70 ಮೀಟರನ್ನು ಮುಟ್ಟುವುದಂತೆ. ಅಲ್ಲಿಯ ಕೊನೆಯ ಸಿಡಿತವು ಸುಮಾರು 11,000 ವರ್ಷಗಳ ಹಿಂದೆ ಆದುದರಿಂದ ಬಟ್ಟಲುಗಳ ಅಂಚು ಇನ್ನೂ ಮಾಸಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರದ ಲೋಣಾರ್ ಸರೋವರವನ್ನೂ ಬಹುಕಾಲ ಅಗ್ನಿಪರ್ವತದ ಬಾಯೆಂದೇ ತಿಳಿದಿದ್ದರು. ಅದು ಆಕಾಶದಿಂದ ಬಿದ್ದ ಉಲ್ಕೆಯಿಂದಾದ ಗುಂಡಿಯೆಂದು ಈಚೆಗೆ ನಿಶ್ಚಯವಾಗಿದೆ. ನಮ್ಮ ಗಿರಿಯ ಸೀಮೆಯಲ್ಲಾದರೋ ಬೆಂಕಿಯು ನೀರಿಗಾಗಿ ಯಾವ ಪಾತ್ರೆಯನ್ನೂ ಬಿಟ್ಟುಹೋಗಿಲ್ಲ. ಇಲ್ಲಿ ನೀರು ನಿಂತಿದೆಯೆಂದರೆ, ಬೆಟ್ಟದ ಹುಲ್ಲೋ ಕಾಡೋ ಅದನ್ನು ಹಿಡಿದಿಟ್ಟುಕೊಂಡಿರಬೇಕು, ಇಲ್ಲವೇ ಯಾರೋ ಮಣ್ಣು ಹೊತ್ತು ಏರಿಯನ್ನು ಕಟ್ಟಿರಬೇಕು. ಈ ಸಾರಿಯ ಪ್ರವಾಸದಲ್ಲಿ ನಾವು ಹೋದೆಡೆಯೆಲ್ಲ ಇದು ಯಾರು ಹಿಡಿದ ನೀರು ಎಂದು ಕೇಳಿಕೊಳ್ಳುತ್ತ ಹೋದೆವು.

ಬಣಕಲ್ಲಿನ ಬಳಿ ನಮ್ಮ ಬಂಧುಗಳೊಬ್ಬರ ಕಾಫಿಯ ತೋಟವಿದೆ. ಅರೇಬಿಕಾ ಹಣ್ಣಿನ ಕೊಯ್ಲು ಮುಗಿದು, ಕಣದಲ್ಲಿ ಕಾಫಿಯು ಒಣಗುತ್ತಿತ್ತು. ಮರಗಳಿಗೆ ಬಿದಿರಿನ ಏಣಿಗಳನ್ನು ಒರಗಿಸಿ ಕರಿಮೆಣಸನ್ನು ಕೊಯ್ಯುತ್ತಿದ್ದರು. ಬೆಳಗಿನ ಕಾಲ ಮಂಜು, ಬಿಸಿ ಕಡುಬು, ಕಾಯಿಚಟ್ನಿ. ಮನೆಯಿಂದ ಹೊರಡುವುದಕ್ಕೇ ಮನಸ್ಸು ಬಾರದು. ಆದರೂ ಮೊದಲನೆಯ ದಿನವೇ ಕೊಟ್ಟಿಗೆಹಾರದ ಮೇಲೆ, ಕಳಸದ ರಸ್ತೆಯಲ್ಲಿ ಜಾವಳಿಗೆ ಹೋದೆವು. ಹೇಮಾವತಿಯು ಹುಟ್ಟುವುದು ಅಲ್ಲಿ. ಮುಂದೆ ಸಕಲೇಶಪುರವನ್ನು ಹಾಯ್ದು, ಗೊರೂರಿನಲ್ಲಿ ಅಣೆಕಟ್ಟನ್ನು ತುಂಬಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುವ ನದಿಯು ಇಲ್ಲಿ ದೇವಾಲಯದ ಬಳಿಯ ಒಂದು ಪುಟ್ಟ ಕೊಳ ಮಾತ್ರ. ನಮ್ಮ ಜೊತೆಯಲ್ಲಿದ್ದ ಅತ್ತಿಗೆಯವರು, ಹಾಸನದಲ್ಲಿ ತಾವು ಸೇತುವೆಯ ಮೇಲಿಂದ ನೋಡಿದ ಹೊಳೆಯು ಇದೇ ಎಂಬುದನ್ನು ನಂಬಲೊಲ್ಲದೆ ಅರ್ಚಕರನ್ನು ಎರಡು ಸಾರಿ ಕೇಳಿದರು.

ಈ ಸೀಮೆಯ ಮಳೆಯ ವಿಷಯವನ್ನು ಇಲ್ಲಿ ಒಂದು ಮಾತು ಹೇಳಬೇಕು. ಕೊಟ್ಟಿಗೆಹಾರದಿಂದ ಪಶ್ಚಿಮಕ್ಕೆ ಚಾರ್ಮಾಡಿಯ ಘಟ್ಟವು ಇಳಿಯುತ್ತದೆ. ಘಟ್ಟದ ಆಚೆ ಬಿದ್ದ ಹನಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಪಡುಗಡಲಿಗೆ ಹೋಗುವುದು. ಈಚೆ ಬಿದ್ದುದು ಹೇಮಾವತಿಯಾಗಿ ಮೂಡುಗಡಲಿಗೆ ಹೋಗುವುದು. ಸ್ವಲ್ಪ ಉತ್ತರಕ್ಕೆ ಕಳಸದ ಕಡೆ ಬಿದ್ದುದಾದರೆ ಭದ್ರೆಯಾಗಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಹೋಗುವುದು. ಇಷ್ಟು ಮಳೆಯ ನಾಡಿನಲ್ಲಿ ದೊಡ್ಡ ಕೆರೆಗಳಿಲ್ಲವೇಕೆ ಎಂದು ಬಯಲುಸೀಮೆಯವರು ಆಶ್ಚರ್ಯಪಡುವುದುಂಟು. ಮೂಡಿಗೆರೆ, ತರೀಕೆರೆ ಎಂದು ತಾಲ್ಲೂಕುಗಳ ಹೆಸರಿನ ಬಾಲದಲ್ಲಿಯೇ ಕೆರೆಯಿದೆ; ಆದರೂ ಬಣಕಲ್ಲಿನ ಸುತ್ತ ಕಣ್ಣಿಗೆ ತುಂಬುವಂಥ ಕೆರೆಯಿಲ್ಲ. ಕಾರಣ ಸರಳವಾಗಿದೆ. ಇಲ್ಲಿಯವರಿಗೆ ಬೆಟ್ಟವೇ ಕೆರೆ. ನೆತ್ತಿಯ ಮೇಲಣ ಹುಲ್ಲುಗಾವಲೂ, ಅದರ ಮಡಿಲಿನ ಶೋಲಾಕಾಡೂ ಮಳೆಗಾಲದ ನೀರನ್ನು ಹೀರಿ, ಮಾಘ ಫಾಲ್ಗುಣಗಳವರೆಗೂ ಒರತೆಯಾಗಿ ಬಿಡುತ್ತಿದ್ದುವು. ಅದನ್ನು ಕಣಿವೆಯ ಗದ್ದೆಗಳು ಒಂದರಿಂದೊಂದಕ್ಕೆ ಇಳಿಸಿಕೊಂಡು ಬದುಗಳ ನಡುವೆ ನಿಲ್ಲಿಸಿಕೊಳ್ಳುತ್ತಿದ್ದುವು. ಗದ್ದೆಯ ಸಾಲೇ ಒಂದು ಕೆರೆಯ ಕೆಲಸ ಮಾಡುತ್ತಿತ್ತು.

ಆ ಗದ್ದೆಗಳನ್ನು ನಾವು ಈ ಸಾರಿ ದುಃಖದಿಂದಲೇ ನೋಡಿದೆವು. ಆಳಿಲ್ಲ, ಲಾಭವಿಲ್ಲ, ಕಾಡುಪ್ರಾಣಿಗಳ ಕಾಟ, ಎಂದು ಅನೇಕರು ಭತ್ತವನ್ನು ಬಿಟ್ಟಿರುವರು. ಕೆಲವು ಗದ್ದೆ ಹಡ್ಲು ಬಿದ್ದಿವೆ. ಕೆಲವಕ್ಕೆ ಬಸಿಗಾಲುವೆ ತೋಡಿ ನೀರನ್ನು ಬಸಿದು ಶುಂಠಿಯನ್ನೋ ಅಡಕೆಯನ್ನೋ ಹಾಕಿದ್ದಾರೆ. ಬೇಸಾಯಗಾರನು ನಷ್ಟಪಟ್ಟುಕೊಂಡು ಭತ್ತ ಬೆಳೆಯಬೇಕೆಂದು ಪೇಟೆಯಲ್ಲಿ ಅಕ್ಕಿ ಕೊಂಡು ಉಣ್ಣುವ ನಾವು ಹೇಳುವುದು ನ್ಯಾಯವಲ್ಲ. ಆದರೆ ನಮ್ಮ ಬಂಧುಗಳೇ ಒಪ್ಪಿಕೊಂಡಂತೆ, ಗದ್ದೆಯ ನೀರನ್ನು ಬಸಿದ ಮೇಲೆ ಮನೆಯ ಬಾವಿಯು ಬೇಸಗೆಯಲ್ಲಿ ಬೇಗ ತಳ ಕಾಣುತ್ತಿದೆ. ಆಗ ಅದೇ ತೋಟದವರು ಯಂತ್ರವನ್ನು ತರಿಸಿ ಕೆರೆಯನ್ನು ತೋಡಿಸುವರು.

ಹೀಗೆ ತೋಡಿಸಿದ ತೋಟದ ಕೆರೆಗಳು ಈಗ ಈ ಸೀಮೆಯಲ್ಲಿ ತುಂಬ ಆಗಿವೆ. ಕಾಫಿಯ ಗಿಡವು ಹೂ ಬಿಡುವುದಕ್ಕೆ ಬೇಸಗೆಯ ಮೊದಲಲ್ಲಿ ಒಂದು ಹೂಮಳೆ ಬೇಕು. ಅದು ಹೊತ್ತಿಗೆ ಬಾರದಿದ್ದರೆ, ರೊಬಸ್ಟಾ ತೋಟಗಳಿಗೆ ಕೆರೆಯ ನೀರನ್ನೆತ್ತಿ ಸ್ಪ್ರಿಂಕ್ಲರುಗಳಿಂದ ಮಳೆಯಂತೆ ಹಾರಿಸುವರು. ಹೂ ಅರಳಿದ ದಿನ ತೋಟವೆಲ್ಲ ಮಲ್ಲಿಗೆಯ ಮುಡಿಯಂತೆ ಬೆಳ್ಳಗಾಗುವುದು. ಆ ಚೆಲುವಿನ ಹಿಂದೆ ಈ ಕೆರೆಯಿದೆ. ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಪಲ್ಪರಿನ ಮನೆಗೂ ಇದೇ ನೀರು ಬೇಕು. ಆ ತೊಳೆದ ಹುಳಿನೀರನ್ನು ತಮ್ಮ ಗುಂಡಿಗಳಲ್ಲಿಯೇ ನಿಲ್ಲಿಸಿ ಹದಮಾಡುವವರು ಅನೇಕರಿದ್ದಾರೆ. ರಾತ್ರಿಯ ಹೊತ್ತು ಹಳ್ಳಕ್ಕೆ ಬಿಡುವವರೂ ಇಲ್ಲದಿಲ್ಲ. ಅದು ಹಳ್ಳವನ್ನು ಸೇರಿದರೆ ನೀರಿನ ಪ್ರಾಣವಾಯುವನ್ನೆಲ್ಲ ಹೀರುತ್ತದೆ, ಮೀನುಗಳು ಸಾಯುತ್ತವೆ. ಕೆಳಗಣ ಊರಿನವರು ಕುಡಿಯುವ ನೀರದು.

ತೋಟದ ಕೆರೆಯ ಬಗ್ಗೆ ನಮಗೆ ಹೇಳಬೇಕಾದ ಮುಖ್ಯ ಮಾತು ಬೇರೆ. ಎರಡನೆಯ ದಿನ ಮಧ್ಯಾಹ್ನ, ಹಿರಿಯರು ಊಟವಾಗಿ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ, ನಮ್ಮ ಅತ್ತಿಗೆಯವರ ಮಗನು, ಒಂಬತ್ತು ವರ್ಷದವನು, ಕೆರೆಯ ಅಂಚಿಗೆ ಹೋಗಿ ಬಾತುಕೋಳಿಗೆ ಕಲ್ಲೆಸೆಯುತ್ತಿದ್ದನು. ಯಂತ್ರದಿಂದ ತೋಡಿದ ಕೆರೆಗೆ ಮೆಟ್ಟಲಿಲ್ಲ, ಸೋಪಾನವಿಲ್ಲ. ದಡವು ಗೋಡೆಯಂತೆ ನೆಟ್ಟಗೆ ಇಳಿದಿತ್ತು. ಕೆಂಪು ಜೇಡಿ ಎಣ್ಣೆ ಸವರಿದಂತೆ ಜಾರುತ್ತಿತ್ತು. ಹುಡುಗನು ಒಳಕ್ಕೆ ಹೋದುದನ್ನು ನಾವಾರೂ ಕಾಣಲಿಲ್ಲ. ಎದುರಿನ ಸಿಲ್ವರ್ ಮರದ ಮೇಲೆ ಮೆಣಸು ಕೊಯ್ಯುತ್ತಿದ್ದ ಆಳೊಬ್ಬನು ಕಂಡನು. ಅವನಿಗೆ ಈಜು ಬಾರದು. ಮರದಿಂದ ಇಳಿದವನೇ ತನ್ನ ಏಣಿಯನ್ನು ಎಳೆದುಕೊಂಡು ಓಡಿ, ಅದನ್ನು ನೀರಿಗೆ ಚಾಚಿ, "ಹಿಡ್ಕೋ ಮಗಾ, ಹಿಡ್ಕೋ" ಎಂದು ಕೂಗಿದನು. ಆ ಕೂಗಿಗೆ ನಾವು ಓಡಿದೆವು. ಹುಡುಗನು ಏಣಿಯ ಗೆಣ್ಣನ್ನು ಹಿಡಿದುಕೊಂಡಿದ್ದನು.

ಮಗುವಿಗೆ ಏನೂ ಆಗಲಿಲ್ಲ. ಸಾಯಂಕಾಲ ಅತ್ತಿಗೆಯವರು ಆ ಆಳಿಗೆ ಹೊಸ ಪಂಚೆಯನ್ನು ಕೊಡಹೋದಾಗ ಅವನು, "ನಂಗೇನೂ ಬ್ಯಾಡ ಅಮ್ಮಾ, ಆ ಏಣಿ ಅಲ್ಲೇ ಇರ್ಲಿ ಅಂತ ಗೌಡ್ರಿಗೆ ಹೇಳಿ" ಎಂದನು. ನಾವು ಗೌಡರಿಗೆ ಹೇಳಿದೆವು. ಹೇಳುವ ಮೊದಲೇ ಅವರು ಬೇಲಿಗೆ ಗೂಟಗಳನ್ನು ಕಡಿಸುತ್ತಿದ್ದರು.

ತೋಟವುಳ್ಳ ವಾಚಕರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ: ಕೆರೆ ತೋಡಿಸಿದ ದಿನವೇ ಒಂದು ಕಡೆಯಾದರೂ ಇಳಿಜಾರಾದ ದಾರಿಯನ್ನು ಬಿಡಿಸಿರಿ, ಬೇಲಿ ಹಾಕಿಸಿರಿ, ದಡದಲ್ಲಿ ಒಂದು ಏಣಿಯನ್ನೂ ಗಂಟುಗಳುಳ್ಳ ಹಗ್ಗವನ್ನೂ ಇಡಿಸಿರಿ. ಕೃಷಿಹೊಂಡಕ್ಕೆ ಪ್ಲಾಸ್ಟಿಕ್ಕಿನ ಹಾಳೆಯನ್ನು ಹಾಸಿದ್ದರಂತೂ ಬಿದ್ದವರು, ಈಜು ಬಲ್ಲವರಾದರೂ, ಹತ್ತಿ ಬರುವುದು ಕಷ್ಟ. ಕಡಿದಾದ ಇಳಿಜಾರಿನ ಮೇಲೆ, ಕೆಳಗೆ ಮನೆಗಳಿರುವೆಡೆ, ತಿಳಿದವರನ್ನು ಕೇಳದೆ ನೀರನ್ನು ನಿಲ್ಲಿಸುವುದೂ ಯುಕ್ತವಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಇದೇ ಸೀಮೆಯ ಮಲೆಮನೆ, ಮಧುಗುಂಡಿಗಳ ಕಡೆ ಗುಡ್ಡಗಳು ಜರಿದು ಮನೆ ಗದ್ದೆಗಳು ಹೋದುದನ್ನು ಇಲ್ಲಿಯವರು ಮರೆತಿಲ್ಲ. ಚಾರ್ಮಾಡಿಯ ರಸ್ತೆಯೂ ಆಗ ಕುಸಿದಿತ್ತು.

ಮೂರನೆಯ ದಿನ ಕಳಸಕ್ಕೆ ಹೋದೆವು. ಅಲ್ಲಿ ಭದ್ರೆಯ ದಡದಲ್ಲಿ ಪಂಚತೀರ್ಥಗಳುಂಟು. ಅಂಬಾತೀರ್ಥದಲ್ಲಿ ಹೊಳೆಯು ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗಿ ಆಳವಾದ ಮಡುವಾಗಿದೆ. ಬಂಡೆಯ ಮೇಲೆ ಬಂಡೆಯನ್ನು ಇರಿಸಿದಂತಿರುವ ಒಂದು ದೊಡ್ಡ ಕಲ್ಲನ್ನು ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ಪ್ರತೀತಿ. ಕಲ್ಲಿನ ಮೇಲೆ ಬರಹವೂ ಇದೆ. ಮಡುವಿನ ನೀರು ಮೇಲೆ ಎಷ್ಟು ಶಾಂತವೋ ಒಳಗೆ ಅಷ್ಟೇ ಸುಳಿಯುಳ್ಳದ್ದು. ದಂಡೆಯಲ್ಲಿ ಕುಳಿತು ನೋಡಿ ಬರಬೇಕೇ ಹೊರತು ಇಳಿಯತಕ್ಕದ್ದಲ್ಲ. ನಮ್ಮ ಹುಡುಗನು ಆ ದಿನ ಹೇಳದೆಯೇ ದೂರ ಕುಳಿತಿದ್ದನು.

ಕಳಸದಿಂದ ಮುಂದೆ ಕುದುರೆಮುಖದಲ್ಲಿ ಲಖ್ಯಾ ಎಂಬ ಅಣೆಕಟ್ಟಿದೆ. ದೂರದಿಂದ ನೋಡಿದವರು ಬೆಟ್ಟಗಳ ನಡುವಣ ಒಂದು ಸರೋವರವೆಂದು ಹಿಗ್ಗುವರು. ಅದು ಕಬ್ಬಿಣದ ಅದಿರನ್ನು ತೊಳೆದು ಉಳಿದ ಕೆಸರನ್ನು ಭದ್ರೆಗೆ ಹೋಗದಂತೆ ತಡೆದು ನಿಲ್ಲಿಸಿದ ಜಾಗ. ಶ್ರೇಷ್ಠ ನ್ಯಾಯಾಲಯದ ಅಪ್ಪಣೆಯಂತೆ 2005ರ ಕೊನೆಯಲ್ಲಿ ಗಣಿಯು ನಿಂತಿತು. ಕೆಸರು ಮಾತ್ರ ಎಲ್ಲಿಗೂ ಹೋಗಿಲ್ಲ. ಕಾಡಿನವರ ಅಪ್ಪಣೆಯಿಲ್ಲದೆ ಅತ್ತ ಹೋಗುವುದಕ್ಕಾಗದು. ನಾವು ಹೋಗಲೂ ಇಲ್ಲ.

ಬಳಿಕ ಮೂಡಿಗೆರೆಯ ಮೇಲೆ ಚಿಕ್ಕಮಗಳೂರನ್ನು ಸೇರಿ, ಒಂದು ರಾತ್ರಿ ತಂಗಿದೆವು. ಊರಿನ ಹತ್ತಿರದ ಹಿರೇಕೊಳಲೆಯ ಕೆರೆಯು ಸಾಯಂಕಾಲದ ಹೊತ್ತು ನೋಡತಕ್ಕದ್ದು. ಬೆಟ್ಟದ ನೆರಳು ಪೂರ್ತಿಯಾಗಿ ನೀರಿನಲ್ಲಿ ಬೀಳುವುದು. ಅದು ಜನರು ಕುಡಿಯುವ ನೀರು, ಆದುದರಿಂದ ಅದರಲ್ಲಿ ಕಾಲು ತೊಳೆಯುವುದು ಸಹ ತಪ್ಪು. ಮಾರನೆಯ ದಿನ ಗಿರಿಯನ್ನು ಹತ್ತಿ ಗಾಳಿಕೆರೆಯನ್ನು ನೋಡಿದೆವು. ಹೆಸರಿಗೆ ತಕ್ಕ ಗಾಳಿ! ಅತ್ತಿಗೆಯವರ ಕೊಡೆಯು ಹೊರಮುಖವಾಗಿ ಮಡಚಿಕೊಂಡಿತು. ಕೆರೆಯೇನೋ ಸಣ್ಣದು. ಹುಲ್ಲುಗಾವಲಿನ ಮಡಿಲಲ್ಲಿ ಆಕಾಶದ ಒಂದು ಚೂರು ಬಿದ್ದಂತಿದೆ. ಬೆಟ್ಟವು ತಾನೇ ಹಿಡಿದ ನೀರನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಆದರೆ ಅಲ್ಲಿ ಒಡೆದ ಸೀಸೆಗಳನ್ನೂ ತಿಂಡಿಯ ಪೊಟ್ಟಣಗಳನ್ನೂ ಕಂಡು ನಮಗೆ ನಾಚಿಕೆಯಾಯಿತು. ಹುಲ್ಲಿನ ಮೇಲೆ ಮೋಟಾರುಗಳನ್ನು ಓಡಿಸಿದ ಗುರುತೂ ಇತ್ತು. ಚಕ್ರ ಹರಿದೆಡೆ ನೆಲವು ಗಟ್ಟಿಯಾಗಿ ಮಳೆಯ ನೀರು ಇಂಗದೆ ಮಣ್ಣನ್ನು ಕೊಚ್ಚಿಕೊಂಡು ಇಳಿಯುತ್ತದೆ. ಆ ಮಣ್ಣು ಬಂದು ಸೇರುವುದು ಕೆಳಗಣ ಕೆರೆಗಳಿಗೆ.

ಆ ಕೆಳಗಣ ಕೆರೆಗಳಲ್ಲಿ ದೊಡ್ಡದನ್ನು ಕೊನೆಗಿರಿಸಿಕೊಂಡಿದ್ದೆವು. ಗಿರಿಯ ಪೂರ್ವದ ತಪ್ಪಲಲ್ಲಿ, ಸಖರಾಯಪಟ್ಟಣದ ಬಳಿ, ಶಕುನಗಿರಿಯ ಬುಡದಲ್ಲಿ ಅಯ್ಯನಕೆರೆಯಿದೆ. ಗೌರಿಹಳ್ಳದ ನೀರನ್ನು ಗುಡ್ಡಗಳ ನಡುವೆ ಏರಿ ಕಟ್ಟಿ ತಡೆದು ಮಾಡಿದುದು. ಸಖರಾಯಪಟ್ಟಣದ ರುಕ್ಮಾಂಗದರಾಯನೆಂಬ ಅರಸನು ಕಟ್ಟಿಸಿದನೆಂದೂ, ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆಂದೂ ಹೇಳುವರು. ಘಟ್ಟದ ಕಡೆ ಮಳೆಯು ಹುಚ್ಚು ಹಿಡಿದಂತೆ ಸುರಿದರೆ, ಇದೇ ಜಿಲ್ಲೆಯ ಕಡೂರಿನ ಕಡೆ ಜನರು ಮೋಡವನ್ನು ನೋಡುತ್ತ ಕೂರುವರು. ಎರಡರ ನಡುವೆ ಅಯ್ಯನಕೆರೆಯು ಕೊಟ್ಟು ತೆಗೆದುಕೊಳ್ಳುವ ಕೈಯಂತೆ ಇದೆ. ಇಲ್ಲಿಂದ ಹೊರಟ ವೇದಾ ಹೊಳೆಯೂ, ಮದಗದ ಕೆರೆಯಿಂದ ಹೊರಟ ಆವತಿಯೂ ಕಡೂರಿನ ಬಳಿ ಕೂಡಿ ವೇದಾವತಿಯಾಗುವುವು. ಮದಗದ ಕೆರೆಯ ಹೆಸರನ್ನು ಒಂದು ಜನಪದ ಗೀತೆಯ ಮೂಲಕ ಕನ್ನಡಿಗರೆಲ್ಲರೂ ಬಲ್ಲರು. ಹಾವೇರಿ ಜಿಲ್ಲೆಯ ಮದಗಮಾಸೂರಿನವರು ಆ ಹಾಡು ತಮ್ಮ ಕೆರೆಯದೆನ್ನುವರು. ಆ ವ್ಯಾಜ್ಯದ ಪಂಚಾಯತಿಗೆ ನಾವು ಕೂರುವುದಿಲ್ಲ. ವೇದಾವತಿಯು ಮುಂದೆ ಚಿತ್ರದುರ್ಗದ ಸೀಮೆಯಲ್ಲಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವನ್ನು ತುಂಬುತ್ತದೆ. ಆ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದುದು ಬಿಟ್ಟರೆ, ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಆ ದಿನ ಹಿರಿಯೂರಿನ ಜನರು ಹಬ್ಬ ಮಾಡಿದುದರಲ್ಲಿ ನಮ್ಮ ಗಿರಿಯ ಹುಲ್ಲಿನ ಪಾಲೂ ಇತ್ತು.

ಅಯ್ಯನಕೆರೆಯ ಏರಿಯ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಿದೆವು. ಅಲ್ಲಿ ದನ ಕಾಯುತ್ತಿದ್ದ ಮುದುಕರೊಬ್ಬರು ನಮ್ಮ ಹುಡುಗನಿಗೆ ಕೆರೆಯ ಕಥೆಯನ್ನು ಹೇಳಿದರು. ಒಂದು ಮಳೆಗಾಲದ ರಾತ್ರಿ ಕೆರೆಯ ದೇವತೆಯು ನೀರಗಂಟಿಯ ಮುಂದೆ ಬಂದು, ತಾನಿನ್ನು ಏರಿಯನ್ನು ಒಡೆದುಕೊಂಡು ಹೊರಡುವೆನೆಂದಳಂತೆ. ಅವನು ಅವಳ ಕಾಲಿಗೆ ಬಿದ್ದು, "ತಾಯೀ, ನಾನು ಅರಸನಿಗೆ ತಿಳಿಸಿ ಹಿಂದಿರುಗಿ ಬರುವವರೆಗೆ ನಿಲ್ಲು" ಎಂದು ಬೇಡಿದನಂತೆ. ಅವಳು ಒಪ್ಪಿದಳು. ಅವನು ಮಳೆಯಲ್ಲಿ ಓಡಿ ಅರಸನಿಗೆ ತಿಳಿಸಿದನು. ಅರಸನು ಯೋಚಿಸಿದನು: ಇವನು ಹಿಂದಿರುಗದಿದ್ದರೆ ಅವಳು ಎಂದೆಂದಿಗೂ ನಿಲ್ಲಬೇಕಲ್ಲವೆ? ನೀರಗಂಟಿಯ ತಲೆ ಹೋಯಿತು. ದೇವತೆಯು ಮಾತಿಗೆ ಕಟ್ಟುಬಿದ್ದು ಇನ್ನೂ ಕಾಯುತ್ತಿರುವಳು, ಏರಿಯು ಇನ್ನೂ ನಿಂತಿದೆ.

ಇಂಥ ಕಥೆಯನ್ನು ಬೇರೆ ಕೆಲವು ಕೆರೆಗಳ ಬಗ್ಗೆಯೂ ಹೇಳುವುದುಂಟು. ಹಿರಿಯರು ಇದನ್ನು ತ್ಯಾಗದ ಕಥೆಯೆನ್ನುವರು. ನಮಗೆ ಹಾಗೆ ತೋರುವುದಿಲ್ಲ. ನೀರಗಂಟಿಯು ಪ್ರಾಣವನ್ನು ಕೊಟ್ಟುದಲ್ಲ, ಅವನಿಂದ ಕಿತ್ತುಕೊಂಡುದು. ನಮ್ಮ ಹುಡುಗನೂ, "ಅರಸನೇ ಯಾಕೆ ಅಲ್ಲಿ ನಿಂತುಕೊಳ್ಳಲಿಲ್ಲ?" ಎಂದು ಕೇಳಿದನು. ಮುದುಕರು ಬಹಳ ಹೊತ್ತು ನಕ್ಕರು. ಆಮೇಲೆ, ತಮ್ಮ ಅಜ್ಜನು ಬೇರೊಂದು ಸಣ್ಣ ಕೆರೆಗೆ ನೀರಗಂಟಿಯಾಗಿದ್ದನೆಂದೂ, ಸುಗ್ಗಿಯಲ್ಲಿ ಗದ್ದೆಯವರೆಲ್ಲ ಅವನಿಗೆ ಇಂತಿಷ್ಟು ಭತ್ತವನ್ನು ಅಳೆದುಕೊಡುತ್ತಿದ್ದರೆಂದೂ ಹೇಳಿದರು. ತೂಬನ್ನು ಎತ್ತುವುದು, ಇಳಿಸುವುದು, ಮೇಲಿನವನೂ ಕೆಳಗಿನವನೂ ಜಗಳವಾಡದಂತೆ ನೀರನ್ನು ಹಂಚುವುದು, ಏರಿಯ ಮೇಲೆ ಹೆಗ್ಗಣದ ಬಿಲವೋ ಮರದ ಬೇರೋ ಕಂಡರೆ ಊರಿಗೆ ತಿಳಿಸುವುದು, ಇವೆಲ್ಲ ಅವನ ಕೆಲಸ. ಮಳೆಯ ರಾತ್ರಿಗಳಲ್ಲಿ ಅವನು ಮನೆಯಲ್ಲಿ ಮಲಗುತ್ತಿರಲಿಲ್ಲವಂತೆ. ಈಗ ಆ ಸಣ್ಣ ಕೆರೆಗೆ ಯಾರು ಎಂದು ಕೇಳಿದೆವು. "ಯಾರೂ ಇಲ್ಲ ಸ್ವಾಮಿ. ಹೂಳು ತುಂಬೈತೆ. ಕೋಡಿ ಕಲ್ಲ ಯಾರೋ ಮನೆಗೆ ಹೊತ್ಕೊಂಡು ಹೋದ್ರು" ಎಂದರು.

ಕೆರೆಯೊಂದು ಸಾಯುವುದು ಏರಿಯೊಡೆದು ಮಾತ್ರವಲ್ಲ. ಅಂಗಳವು ಒತ್ತುವರಿಯಾಗಿ, ನೀರು ಬರುವ ಕಾಲುವೆ ಮುಚ್ಚಿ, ಹೂಳು ತುಂಬಿ, ಯಾರ ಕಣ್ಣಿಗೂ ಬೀಳದೆ ಸಾಯುವುದೇ ಹೆಚ್ಚು. ಸರಕಾರವು ಹೂಳೆತ್ತಿಸುವುದುಂಟು, ಸಂಘಗಳೂ ಎತ್ತಿಸುವುದುಂಟು, ಒಳ್ಳೆಯದೇ. ಆದರೆ ಮಳೆಯ ರಾತ್ರಿ ಎದ್ದು ಹೋಗಿ ನೋಡುವವನು ಬೇಕಲ್ಲ, ಅವನಿಗೆ ಊರು ಏನನ್ನಾದರೂ ಅಳೆದುಕೊಡಬೇಕಲ್ಲ. ನಮ್ಮ ವಾಚಕರ ಊರುಗಳಲ್ಲಿ ಈಗಲೂ ನೀರಗಂಟಿಯಿದ್ದರೆ, ಅವನಿಗೆ ಏನು ಕೊಡುತ್ತಿದ್ದಾರೆ, ಯಾರು ಕೊಡುತ್ತಾರೆ ಎಂಬುದನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.

ಕಾಗದ ಬರೆದ ಮಹನೀಯರಿಗೆ ಇನ್ನು ನಾಲ್ಕು ಮಾತು. ಮಗನನ್ನು ಅವಶ್ಯವಾಗಿ ಕರೆದುಕೊಂಡು ಬನ್ನಿರಿ. ಆಷಾಢ ಶ್ರಾವಣಗಳು ಬೇಡ. ಇಂಬಳದ ಕಾಟ ಒಂದು ಕಡೆ, ಗುಡ್ಡ ಜರಿಯುವ ಭಯ ಇನ್ನೊಂದು ಕಡೆ. ಕಾರ್ತೀಕದಿಂದ ಮಾಘದವರೆಗೆ ಒಳ್ಳೆಯ ಕಾಲ. ಗಿರಿಯ ಮೇಲೆ ಹೋಗುವುದಕ್ಕೆ ಈಗ ನಿಬಂಧನೆಗಳಿರುವುದರಿಂದ ಹೊರಡುವ ಮುಂಚೆ ವಿಚಾರಿಸಿಕೊಳ್ಳಿರಿ. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಳ್ಳಿರಿ. ಅಕ್ಕಿರೊಟ್ಟಿಯೂ ಚಟ್ನಿಪುಡಿಯೂ ಎರಡು ದಿನ ಕೆಡುವುದಿಲ್ಲ. ಖಾಲಿಯಾದ ಪೊಟ್ಟಣಗಳನ್ನು ಚೀಲದಲ್ಲಿ ತುಂಬಿ ಹಿಂದಕ್ಕೆ ತನ್ನಿರಿ. ಹುಡುಗನಿಗೆ ಉಣ್ಣೆಯ ಅಂಗಿಯಿರಲಿ. ಬಾದಾಮಿಯ ಕಲ್ಲನ್ನು ಅವನು ಗಿರಿಯ ರಸ್ತೆಯ ಬದಿಯಲ್ಲಿಯೇ ಕುಳಿತು ನೋಡಬಹುದು, ಸುತ್ತಿಗೆ ಬೇಕಾಗಿಲ್ಲ. ಬಣಕಲ್ಲಿನಲ್ಲಿ ಇಳಿದುಕೊಳ್ಳುವುದ್ದಾದರೆ ಮೊದಲೇ ಒಂದು ಕಾಗದ ಹಾಕಿರಿ, ನಮ್ಮ ಬಂಧುಗಳಿಗೆ ತಿಳಿಸುವೆವು. ಅವರ ತೋಟದ ಕೆರೆಗೆ ಈಗ ಬೇಲಿಯಾಗಿದೆ, ಏಣಿಯೂ ಅಲ್ಲಿಯೇ ಇದೆ.